ತಿರುಗುಮಣೆ

ಲಾಸ್ ಹುಂಕೋಸ್ ಎಂಬಲ್ಲಿ ಹಳಿ ಮುಗಿಯುತ್ತದೆ.
ಆಚೆಗೆ ಮುಳ್ಳುಪೊದೆ, ಕುರಿ, ಗಾಳಿ,
ಪ್ಯಾಟಗೋನಿಯಾದ ಅದೇ ಗಾಳಿ, ಟೋಪಿಗೆ ದಾರ ಕಟ್ಟಿಸುವಂಥದ್ದು.
ಬಂದ ಎಂಜಿನ್ನು ಮೂತಿ ತಿರುಗಿಸದೆ ವಾಪಸು ಹೊರಡುವಂತಿಲ್ಲ.
ಅದಕ್ಕೇ ಇಲ್ಲೊಂದು ದುಂಡು ಗುಂಡಿ,
ಗುಂಡಿಗೆ ಅಡ್ಡಲಾಗಿ ಕಬ್ಬಿಣದ ಸೇತುವೆ,
ನಟ್ಟನಡುವೆ ಊಟದ ತಟ್ಟೆಯಷ್ಟಗಲದ ಬೇರಿಂಗು,
ಮತ್ತೆ ರುಪೆರ್ತಾ ಕೊಲಿವೆಕೆ,
ಎತ್ತರ ನನ್ನ ಭುಜಕ್ಕೆ ಬಂದರೆ ಹೆಚ್ಚು.

ಒಂಬತ್ತು ಮಕ್ಕಳನ್ನು ಕರೆತಂದಿದ್ದೆ. ಎಂಟನೆಯ ಪಾಠ,
ಕೋನೀಯ ವೇಗೋತ್ಕರ್ಷ.
ತರಗತಿಯಲ್ಲಿ ಆ ಪದ ಎತ್ತಿದೊಡನೆ
ಕಿಟಕಿಯ ಕಡೆ ಹೊರಳುವ ಒಂಬತ್ತು ಕುತ್ತಿಗೆಗಳು
ಅದನ್ನೇ ಮಾಡಿ ತೋರಿಸುತ್ತಿದ್ದವು,
ಗಮನಿಸದವಳು ನಾನು.

ಎವಾರಿಸ್ತೋ ಎಂಜಿನ್ ತಂದು ನಿಲ್ಲಿಸಿದ.
ರುಪೆರ್ತಾ ಬಗ್ಗಿ ನೋಡಿ ಬೆರಳೆತ್ತಿದಳು:
‘ಒಂದು ಗೇಣು ಹಿಂದೆ.
ಅತಿಯಾಯ್ತು, ನಾಲ್ಕು ಬೆರಳು ಮುಂದೆ.
ಟ್ಯಾಂಕಿನಲ್ಲಿ ನೀರೆಷ್ಟು?’
‘ಅರ್ಧ.’
‘ಹಾಗಾದರೆ ಇನ್ನೆರಡು ಬೆರಳು.’
ಸೇತುವೆಯ ಎರಡು ತುದಿಗಳೂ ಅಂಚಿನಿಂದ
ಕೂದಲೆಳೆಯಷ್ಟು ಮೇಲೆದ್ದವು.
ಮೂವತ್ತೈದು ಟನ್ನು, ಒಂದು ತಟ್ಟೆಯ ಮೇಲೆ,
ಉಸಿರು ಬಿಗಿಹಿಡಿದು.

ಹೆರೆಮಿಯಾಸ್ ಕುಸ್ತಿಯ ಹುಡುಗ. ನೇರ ನಡುವಿಗೇ ಹೋಗಿ
ಬೇರಿಂಗಿನ ಪಕ್ಕದಲ್ಲಿ ಭುಜ ಕೊಟ್ಟ.
ಮುಖ ಕೆಂಪಾಯಿತು. ಆದದ್ದು ಅಷ್ಟೇ.
ಇನ್ನೊಬ್ಬಳು ತುದಿಯಲ್ಲಿ ನಿಂತು ನಡುವಿನ ಕಡೆಗೇ ನೂಕಿದಳು,
ಅಕ್ಷದ ಮುಂದೆ ದೂರು ಒಯ್ದವಳ ಹಾಗೆ.
ಅಕ್ಷ ಕೇಳಿಸಿಕೊಂಡಿತು, ಕದಲಲಿಲ್ಲ.
ಗಾಳಿಯಾದರೂ ತಿರುಗಿಸಲಿ ಎಂದರು.
ಗಾಳಿ ಆ ತೋಳಿಗೂ ಈ ತೋಳಿಗೂ ಸಮಸಮ ಒದ್ದು
ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯಿತು.

ಆಮೇಲೆ ಐಲಿನ್. ಮೂವತ್ತಾರು ಕಿಲೋ, ಕೈಗವಸಿಲ್ಲ.
ತುದಿಯಿಂದ ಹೊರಚಾಚಿದ ಮರದ ತೊಲೆಗೆ ಎದೆಕೊಟ್ಟು
ಅಡ್ಡಕ್ಕೆ ತಳ್ಳಿದಳು.
ಎದುರು ತುದಿಯಲ್ಲಿ ರುಪೆರ್ತಾ.
ಒಬ್ಬರಿಗೊಬ್ಬರು ವಿರುದ್ಧ ದಿಕ್ಕು, ಕೆಲಸ ಒಂದೇ.
ಏನೂ ಆಗಲಿಲ್ಲ.
ಏನೂ ಆಗಲಿಲ್ಲ.
ಹಳಿಯ ಕೊನೆ ಎದುರಿನ ಹಳಿಗೆ
ಒಂದು ಬೆಂಕಿಕಡ್ಡಿಯ ದಪ್ಪ ತಪ್ಪಿದೆ, ಅಲ್ಲವೇ?
ನೋಡನೋಡುತ್ತ ನಾಲ್ಕು ಕಡ್ಡಿ,
ರೆಪ್ಪೆ ಬಡಿಯುವಾಗ ಒಂಬತ್ತು,
ಆಮೇಲೆ ಕಡ್ಡಿಗಳ ಲೆಕ್ಕ ಸಾಲದಾಯಿತು,
ಇಡೀ ಎಂಜಿನ್ನು, ಹೊಗೆಕೊಳವೆ, ಗಂಟೆ,
ಒಬ್ಬ ಹುಡುಗಿಯ ಎದೆಮೂಳೆಯಿಂದ ಹೊರಟು
ಆಕಾಶವನ್ನು ಒರೆಸಿಕೊಂಡು ಹೋಗುತ್ತಿತ್ತು.

ನನ್ನ ನೋಟುಪುಸ್ತಕ ಹೇಳಿತ್ತು:
ಜಡತ್ವ ಐದೂವರೆ ಲಕ್ಷ, ಇಬ್ಬರ ನೂಕು, ಎಂಟು ಮೀಟರಿನ ತೋಳು,
ಅರ್ಧ ದಾರಿ ತಳ್ಳು, ಉಳಿದರ್ಧ ಹಿಂದಕ್ಕೆ ಎಳೆ,
ನಲವತ್ತೇಳು ಸೆಕೆಂಡು.
‘ಘರ್ಷಣೆ ಎಲ್ಲಿ?’ ನಡೆಯುತ್ತಲೇ ಕೇಳಿದಳು ರುಪೆರ್ತಾ.
ನಗಣ್ಯ ಅಂತ ಬರೆದಿದ್ದೇನೆ ಎಂದೆ.
‘ಆ ನಗಣ್ಯಕ್ಕೆ ಹತ್ತೊಂಬತ್ತು ವರ್ಷದಿಂದ
ಗ್ರೀಸು ಹಚ್ಚುತ್ತಿರುವವಳು ನಾನು.’

ನಂತರ ಕೂಗಿದಳು: ‘ಕೈ ಬಿಡು!’
ಐಲಿನ್ ಬಿಡಲಿಲ್ಲ.
ಅಷ್ಟು ದೊಡ್ಡದು ತನ್ನ ಮಾತು ಕೇಳುತ್ತಿರುವಾಗ
ಯಾರು ತಾನೆ ಬಿಟ್ಟಾರು?
ಇನ್ನೂ ನಾಲ್ಕು ಹೆಜ್ಜೆ, ಐದು.
ಸೇತುವೆ ತನ್ನ ಹಳಿಯನ್ನು ಕಂಡಿತು, ದಾಟಿತು,
ತೊಲೆಗೆ ಜೋತುಬಿದ್ದ ಒಂಬತ್ತು ಮಕ್ಕಳ ಹಿಮ್ಮಡಿಗಳು
ಜಲ್ಲಿಯಲ್ಲಿ ಉದ್ದುದ್ದ ಗೀರೆಳೆದು,
ಮೊಣಕೈ ಉದ್ದದಷ್ಟು ಆಚೆಗೆ ನಿಂತಿತು.

ರುಪೆರ್ತಾ ಬೈಯಲಿಲ್ಲ. ತೊಲೆಯ ಇನ್ನೊಂದು ಮಗ್ಗುಲಿಗೆ ಬಂದು
‘ಈಗ ಈ ಕಡೆಯಿಂದ,’ ಎಂದಳು, ‘ಮತ್ತೆ ಸೊನ್ನೆಯಿಂದ.
ಒಂದೇ ಉಸಿರಿನಷ್ಟು ತಳ್ಳು, ಆಮೇಲೆ ಸುಮ್ಮನಿರು.’
ಸುಮ್ಮನಿರುವುದನ್ನು ನಾನು ಯಾವ ಪಾಠದಲ್ಲೂ ಬರೆಸಿರಲಿಲ್ಲ.
ಗುಳ ಬಿತ್ತು, ಖಣ್ ಎಂದು.

ಗಡಿಯಾರ ನೋಡಲು ಯಾರಿಗೂ ನೆನಪಾಗಿರಲಿಲ್ಲ.
ಕ್ಯಾಬಿನಲ್ಲಿ ಎವಾರಿಸ್ತೋ ಕೂತಲ್ಲೇ ಕೂತು
ಬ್ರೆಡ್ಡು, ಗಿಣ್ಣು ತಿನ್ನುತ್ತಿದ್ದ.
ಬಿಸಿಲು ಅವನ ಎಡಗೆನ್ನೆಯಿಂದ
ಬಲಗೆನ್ನೆಗೆ ಬಂದಿತ್ತು.